ಒಂಬತ್ತು ದಿನದ ಕಟ್ಟು

ಅವತ್ತು ಸಂಜೆ ಕುರಿಗಳು ಚದುರಿಕೊಂಡು ಬಂದವು. ನಮ್ಮ ಕುರಿಗಳು ಹಾಗೆ ಬರುವುದಿಲ್ಲ. ಹಿಂದೆ ನಮ್ಮ ನಾಯಿ ಕೆಂಚಿ ಇರುತ್ತದೆ. ಅತ್ತಿತ್ತ ಸರಿದವನ್ನು ಒತ್ತರಿಸಿ ಒಂದೇ ಗುಂಪಾಗಿ ಹಟ್ಟಿಗೆ ತರುವುದು ಅದರ ಕೆಲಸ. ಅವತ್ತು ನಾಲ್ಕು ಕುರಿ ನೇರವಾಗಿ ನನ್ನ ಹಿತ್ತಲಿನ ಅವರೆ ಬಳ್ಳಿಗೆ ನುಗ್ಗಿದವು. ಕೆಂಚಿಯನ್ನೇ ಬೈದುಕೊಂಡು ಕೋಲು ಹಿಡಿದು ಓಡಿದೆ. ಕುರಿ ಓಡಿಸಿ ತಲೆ ಎತ್ತಿದರೆ ನಮ್ಮ ಮನೆಯವರು ಬಹಳ ಹಿಂದೆ ನಿಧಾನವಾಗಿ ಬರುತ್ತಿದ್ದರು. ಅವರ ಪಕ್ಕದಲ್ಲಿ ಕೆಂಚಿ, ಮೂರು ಕಾಲಿನ ಮೇಲೆ.

ಮುಂದಿನ ಎಡಗಾಲು ಮೊಣಕಾಲಿನ ಕೆಳಗೆ ಜೋತಾಡುತ್ತಿತ್ತು. ಹೊಳಲ್ಕೆರೆ ರಸ್ತೆ ದಾಟುವಾಗ ಬೈಕು ಗುದ್ದಿತಂತೆ. ಬೈಕಿನವನು ನಿಲ್ಲಲಿಲ್ಲ. ರಕ್ತ ಬಂದಿರಲಿಲ್ಲ, ಚರ್ಮ ಹರಿದಿರಲಿಲ್ಲ. ಮೂಳೆ ಮಾತ್ರ ಮುರಿದಿತ್ತು.

"ನೀನೇ ಇದ್ದೀಯಲ್ಲ, ಕಟ್ಟು" ಎಂದರು ಮನೆಯವರು.

ನಾನು ತಾಳ್ಯದ ಹತ್ತಿರದ ಒಂದು ಹಟ್ಟಿಯಲ್ಲಿ ಅಂಗನವಾಡಿ ಟೀಚರ್. ಆದರೆ ಸುತ್ತಲಿನ ಕುರಿಯವರಿಗೆ ನಾನು ಟೀಚರ್ ಅಲ್ಲ, ಕಾಲು ಕಟ್ಟುವ ಗಂಗಕ್ಕ. ಅದು ನಮ್ಮಪ್ಪನಿಂದ ಬಂದ ವಿದ್ಯೆ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ನನಗೇ ಕಲಿಸಿದರು. ಮುರಿದ ಕಡೆ ಬೆರಳಾಡಿಸಿ ಮೂಳೆ ಕೂರಿಸಬೇಕು. ಉಣ್ಣೆ ಸುತ್ತಿ ನಾಲ್ಕು ಬಿದಿರಿನ ದಬ್ಬೆ ಇಡಬೇಕು. ಹಳೆ ಸೀರೆಯ ಪಟ್ಟಿಯನ್ನು ಮೊಟ್ಟೆಯ ಬಿಳಿ ಲೋಳೆಯಲ್ಲಿ ಅದ್ದಿ, ಗೊರಸಿನವರೆಗೂ ಬಿಗಿಯಾಗಿ ಸುತ್ತಬೇಕು. ಒಣಗಿದರೆ ಕಲ್ಲಿನಂತೆ ಗಟ್ಟಿ. ಒಂಬತ್ತು ದಿನ ಯಾರೂ ಬಿಚ್ಚಬಾರದು. ಇಷ್ಟೇ. ಎಷ್ಟು ಮರಿಗಳಿಗೆ ಕಟ್ಟಿದ್ದೇನೋ ಲೆಕ್ಕವಿಲ್ಲ. ಹೊಸದುರ್ಗದ ಕಡೆಯಿಂದ ಬೈಕಿನ ಮೇಲೆ ಮರಿ ಇಟ್ಟುಕೊಂಡು ಬಂದವರಿದ್ದಾರೆ. ಸುಳ್ಳು ಹೇಳುವುದಿಲ್ಲ, ನನಗೆ ಅದರ ಜಂಬ ಇತ್ತು.

ನಾಯಿಗೆ ಮಾತ್ರ ಕಟ್ಟಿರಲಿಲ್ಲ. ಕಾಲು ಕಾಲೇ ಅಲ್ಲವೇ ಅಂದುಕೊಂಡು ಹಾಗೇ ಕಟ್ಟಿದೆ.

ಮೂರನೆಯ ದಿನದಿಂದ ಕೆಂಚಿ ನರಳತೊಡಗಿತು. ಕಟ್ಟನ್ನು ನೆಕ್ಕಿ ನೆಕ್ಕಿ ಒದ್ದೆ ಮಾಡುತ್ತಿತ್ತು, ಆಮೇಲೆ ಹಲ್ಲು ಹಾಕಿತು. ಪಟ್ಟಿ ಕಿತ್ತರೆ ಮಾಡಿದ್ದೆಲ್ಲ ಹಾಳು. ಮೂತಿಗೆ ಬಟ್ಟೆ ಸುತ್ತಿ ಕಟ್ಟಿದೆ. ಹೊತ್ತಿಗೊಮ್ಮೆ ಬಿಚ್ಚಿ ಅನ್ನ ಹಾಕುವುದು, ನೀರು ಕುಡಿಸುವುದು, ಮತ್ತೆ ಕಟ್ಟುವುದು. ಬಾಯಿ ಕಟ್ಟಿದರೂ ಗಂಟಲಿನ ಒಳಗಿಂದ ಕುಂಯ್‌ ಎಂಬ ಸದ್ದು ನಿಲ್ಲಲಿಲ್ಲ.

"ಒಂದ್ಸಲ ಬಿಚ್ಚಿ ನೋಡು. ಅದು ಹಿಂಗೆ ನರಳಾದು ನೋಡಕ್ಕಾಗಲ್ಲ" ಎಂದರು ಮನೆಯವರು.

"ಮೂಳೆ ಕೂಡೋವಾಗ ನೋಯ್ತತೆ ಕಣ್ರಿ. ಈಗ ಬಿಚ್ಚಿದ್ರೆ ಕೂಡಿದ್ದೂ ಬಿಡ್ತತೆ. ಒಂಬತ್ತು ದಿನ ಆಗ್ಲಿ."

"ಕುರಿ ಇಷ್ಟು ನರಳಲ್ಲ."

"ಕುರೀನ ನೀವು ಇಷ್ಟು ಮುದ್ದು ಮಾಡಿಲ್ಲ ಬಿಡ್ರಿ."

ಅವರು ಎದ್ದು ಕುರಿಗಳ ಕಡೆ ಹೋದರು. ಅವರು ಹಾಗೇ, ಎರಡು ಸಲ ಹೇಳುವ ಮನುಷ್ಯರಲ್ಲ. ಈ ವಿಷಯದಲ್ಲಿ ನನ್ನ ಮಾತೇ ಕಡೆಯದು ಎಂದು ಅವರೂ ನಂಬಿದ್ದರು.

ಐದನೆಯ ದಿನ ನರಳಾಟ ನಿಂತಿತು. "ನೋಡಿದ್ರಾ, ಕಮ್ಮಿ ಆತು" ಎಂದೆ. ಗೆದ್ದವಳ ಹಾಗೆ ಹೇಳಿದೆ.

ನೋವಾಗುವ ಜಾಗವೇ ಸತ್ತಿತ್ತು.

ಏಳನೆಯ ದಿನ ಬೆಳಿಗ್ಗೆ ಅತ್ತೆ ಮೂಗು ಮುಚ್ಚಿಕೊಂಡು, "ಎಲ್ಲೋ ಇಲಿ ಸತ್ತೈತೆ, ನೋಡ್ರಮ್ಮ" ಎಂದರು. ರಾಗಿ ಚೀಲ ಸರಿಸಿದೆ, ಕಟ್ಟಿಗೆ ಒಟ್ಟಿದ್ದ ಮೂಲೆ ಕೆದಕಿದೆ. ಇಲಿ ಸಿಗಲಿಲ್ಲ. ಜಗಲಿಗೆ ಬಂದರೆ ಕೆಂಚಿಯ ಕಟ್ಟಿನ ಮೇಲೆ ನೊಣ ಮುತ್ತಿದ್ದವು.

ಬಿಚ್ಚಿದೆ. ಪಟ್ಟಿಯ ಜೊತೆ ಕೂದಲು ಬಂತು, ಕೂದಲಿನ ಜೊತೆ ಚರ್ಮ ಬಂತು. ಪಂಜ ಕಪ್ಪಗಿತ್ತು. ಮುಟ್ಟಿದರೆ ತಣ್ಣಗಿತ್ತು. ಉಗುರಿನ ಹತ್ತಿರ ಗಿಲ್ಲಿದೆ. ಕೆಂಚಿಗೆ ಗೊತ್ತೇ ಆಗಲಿಲ್ಲ, ನನ್ನ ಮುಖವನ್ನೇ ನೋಡುತ್ತಿತ್ತು.

ಲಗೇಜ್ ಆಟೋದಲ್ಲಿ ಗೋಣಿಚೀಲ ಹಾಸಿ ಹೊಳಲ್ಕೆರೆಗೆ ಒಯ್ದೆವು. ಅಲ್ಲಿಯ ಡಾಕ್ಟರು ನೋಡಿದವರೇ ತಡ ಮಾಡದೆ ಚಿತ್ರದುರ್ಗಕ್ಕೆ ಹೋಗಿ ಎಂದರು. ದುರ್ಗದ ಪಶು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಸರ್ಜನ್ ಮೂವತ್ತರ ಆಚೀಚಿನ ಹೆಣ್ಣುಮಗಳು. ಫಿಲಂ ಎತ್ತಿ ಹಿಡಿದು ನೋಡಿ, ಕಾಲು ನೋಡಿ, ಮತ್ತೆ ಫಿಲಂ ನೋಡಿದರು.

"ಸಿಂಪಲ್ ಫ್ರಾಕ್ಚರ್ ಇದು. ಪ್ಲಾಸ್ಟರ್ ಹಾಕಿದ್ರೆ ತಿಂಗಳೊಪ್ಪತ್ತಿನಲ್ಲಿ ಓಡಾಡ್ತಿತ್ತು. ಬಿಗಿಯಾಗಿ ಕಟ್ಟಿ ರಕ್ತ ಹೋಗದೆ ಗ್ಯಾಂಗ್ರೀನ್ ಆಗಿದೆ. ಯಾರ್ರೀ ಕಟ್ಟಿದ್ದು?"

"ನಮ್ಮ ಕಡೆ ಒಬ್ರು ಅದಾರೆ ಮೇಡಂ, ಕುರಿಗೆ ಕಟ್ತಾರೆ" ಎಂದೆ.

ಮನೆಯವರು ಗೋಡೆಯ ಮೇಲಿದ್ದ ಕಾಲುಬಾಯಿ ಲಸಿಕೆಯ ಪೋಸ್ಟರ್ ಓದುತ್ತ ನಿಂತರು.

ಭುಜದಿಂದಲೇ ತೆಗೆಯಬೇಕು, ತುಂಡು ಉಳಿಸಿದರೆ ಅದನ್ನೇ ನೆಲಕ್ಕೆ ಊರಲು ಹೋಗಿ ಗಾಯ ಮಾಡಿಕೊಳ್ಳುತ್ತದೆ ಎಂದರು. ನಂಜು ರಕ್ತಕ್ಕೆ ಸೇರಿದ್ದರೆ ಆಪರೇಷನ್ ಆದ ಮೇಲೂ ಉಳಿಯುವ ಖಾತ್ರಿ ಇಲ್ಲ ಎಂದರು. ಕೆಂಚಿಯನ್ನು ಮನೆಯವರು ಹಿಡಿದುಕೊಂಡಿದ್ದರು, ಒಪ್ಪಿಗೆಗೆ ನಾನೇ ಸಹಿ ಹಾಕಿದೆ. ಹೊರಗೆ ಬೇವಿನ ಮರದ ಕೆಳಗೆ ಕೂತೆವು. ಕಾಂಪೌಂಡಿನ ಆಚೆ ಬೆಟ್ಟದ ಬಂಡೆಗಳು ಬಿಸಿಲಿಗೆ ಕಾದಿದ್ದವು. ಎರಡು ಗಂಟೆ ಹೊತ್ತಿನಲ್ಲಿ ಮನೆಯವರು ಆಡಿದ್ದು ಒಂದೇ ಮಾತು.

"ಬಾಯಾದ್ರೂ ಬಿಟ್ಟಿರಬೇಕಿತ್ತು."

ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು. ಹೊಲಿಗೆ ಒಂದು ಗೇಣು ಉದ್ದ ಇತ್ತು. ಮೈಯ ಆ ಭಾಗದ ಕೂದಲು ಬೋಳಿಸಿದ್ದರಿಂದ ನಮ್ಮ ಕೆಂಪು ಕೂದಲಿನ ಕೆಂಚಿ ಅರ್ಧ ಬೇರೆ ಯಾವುದೋ ನಾಯಿಯಂತೆ ಕಂಡಿತು. ಅತ್ತೆ ಒಮ್ಮೆ ನೋಡಿ ಮುಖ ತಿರುಗಿಸಿದರು.

ನಾಯಿ ಮುಂಗಾಲಿನ ಮೇಲೆ ಎಷ್ಟು ಭಾರ ಹೊರುತ್ತದೆ ಎಂಬುದು ಆ ಕಾಲು ಹೋದ ಮೇಲೆ ತಿಳಿಯಿತು. ತಟ್ಟೆಗೆ ಬಾಗಿದರೆ ಮೂತಿ ಮಣ್ಣಿಗೆ ಬಡಿಯುತ್ತಿತ್ತು. ಎರಡು ಇಟ್ಟಿಗೆ ಜೋಡಿಸಿ ತಟ್ಟೆ ಎತ್ತರಕ್ಕಿಟ್ಟೆ. ಜಗಲಿಯ ಸಿಮೆಂಟಿನ ಮೇಲೆ ಉಳಿದ ಒಂದು ಮುಂಗಾಲು ಜಾರುತ್ತಿತ್ತು. ಇದ್ದಬದ್ದ ಗೋಣಿಚೀಲಗಳನ್ನೆಲ್ಲ ಹಾಸಿದೆ. ಮೊದಲ ದಿನ ಪೂರ್ತಿ ಉಚ್ಚೆ ಹೊಯ್ಯಲಿಲ್ಲ. ಎದೆಯ ಕೆಳಗೆ ಟವೆಲ್ ತೂರಿಸಿ ಎತ್ತಿ ಹಿಡಿಯಬೇಕೆಂದು ಡಾಕ್ಟರು ತೋರಿಸಿಕೊಟ್ಟಿದ್ದರು. ನಾನು ಟವೆಲ್ ಹಿಡಿದು ಹತ್ತಿರ ಹೋದೆ.

ಕೆಂಚಿ ಹಲ್ಲು ಕಿರಿಯಿತು.

ನನಗೆ ಎಂಟು ವರ್ಷದಿಂದ ಗೊತ್ತಿರುವ ನಾಯಿ. ಕಣ್ಣು ಬಿಡುವ ಮುಂಚೆ ಬತ್ತಿಯಲ್ಲಿ ಹಾಲು ಕುಡಿಸಿದ್ದೇನೆ. ಆಪರೇಷನ್ ಮಾಡಿದ ಡಾಕ್ಟರಿಗೆ ಗುರ್ ಅನ್ನಲಿಲ್ಲ, ಇಂಜೆಕ್ಷನ್ ಕೊಡಲು ಬರುತ್ತಿದ್ದ ಕಾಂಪೌಂಡರಿಗೆ ಅನ್ನಲಿಲ್ಲ. ನನ್ನ ಕೈ ಕಂಡರೆ ಮಾತ್ರ ಗೋಡೆಗೆ ಒತ್ತಿಕೊಂಡು ಗುರುಗುಟ್ಟುತ್ತಿತ್ತು. ಟವೆಲ್ ಕೊನೆಗೆ ಮನೆಯವರೇ ಹಿಡಿದರು. ಕುರಿಗಳನ್ನು ಮೈದುನನ ಹಿಂಡಿಗೆ ಸೇರಿಸಿ ಹದಿನೈದು ದಿನ ಅವರು ಮನೆಯಲ್ಲೇ ಉಳಿದರು. ಮಾತ್ರೆಯನ್ನು ಮುದ್ದೆಯೊಳಗೆ ಅಡಗಿಸಿ ನಾನು ಉಂಡೆ ಮಾಡುವುದು, ಅವರು ತಿನ್ನಿಸುವುದು. ಗಾಯ ನೆಕ್ಕದ ಹಾಗೆ ಕತ್ತಿಗೆ ಹಾಕಲು ಪ್ಲಾಸ್ಟಿಕ್ಕಿನ ಆಲಿಕೆಯಂಥದ್ದೊಂದನ್ನು ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಮೂತಿಯ ಹತ್ತಿರ ಏನಾದರೂ ತಂದರೆ ಸಾಕು, ಕೆಂಚಿ ನಡುಗಿ ಕೂತಲ್ಲೇ ಉಚ್ಚೆ ಮಾಡಿಕೊಳ್ಳುತ್ತಿತ್ತು. ಅದನ್ನು ಬಿಟ್ಟು ಮನೆಯವರ ಹಳೆ ಬನಿಯನ್ ಕತ್ತರಿಸಿ ಹೊಲಿದು ಅಂಗಿ ಮಾಡಿದೆ. ಅದನ್ನು ತೊಡಿಸಿದ್ದೂ ಅವರೇ.

ಕೆಲವೊಮ್ಮೆ ಮಲಗಿದ್ದ ನಾಯಿ ದಿಢೀರನೆ ಕಿರುಚಿ ಎದ್ದು, ಇಲ್ಲದ ಕಾಲಿದ್ದ ಜಾಗಕ್ಕೆ ಮೂತಿ ಒಯ್ದು ಹುಡುಕುತ್ತಿತ್ತು. ಫೋನ್ ಮಾಡಿ ಕೇಳಿದೆ. ನರಕ್ಕೆ ಕಾಲು ಹೋದದ್ದು ಇನ್ನೂ ಗೊತ್ತಾಗಿಲ್ಲ, ಇಲ್ಲದ ಕಾಲೇ ನೋಯುತ್ತದೆ ಎಂದರು ಡಾಕ್ಟರು. ಇದ್ದಾಗ ಆದ ನೋವನ್ನು ನಾನು ಕೇಳಿಸಿಕೊಳ್ಳಲಿಲ್ಲ. ಇಲ್ಲವಾದ ಮೇಲಿನ ನೋವನ್ನು ಕೂತು ನೋಡಬೇಕಾಯಿತು.

ಊರವರೆಲ್ಲ ಬಂದು ಬೈಕಿನವನಿಗೆ ಶಾಪ ಹಾಕಿದರು. ಅವನ ಕೈ ಸೇದಿಹೋಗಲಿ ಎಂದಳು ಒಬ್ಬಳು. ಅಂಗನವಾಡಿಯ ಮಕ್ಕಳು "ಕೆಂಚಿ ಕಾಲು ಎಲ್ಲೋತು ಟೀಚರ್?" ಎಂದು ಕೇಳಿದವು. ಬೈಕು ಗುದ್ದಿ ಹೋಯಿತು ಅಂದೆ. ಹೇಳುತ್ತ ಹೇಳುತ್ತ ನಾಲಿಗೆಗೆ ಅದು ರೂಢಿಯಾಯಿತು.

ಆಪರೇಷನ್ ಆದ ಒಂಬತ್ತನೆಯ ದಿನ ಹೊಲಿಗೆಯ ಕೆಳಗೆ ಊದಿಕೊಂಡಿತು. ಕಿವಿ ಮುಟ್ಟಿದರೆ ಸುಡುತ್ತಿತ್ತಂತೆ. ಅನ್ನ ಬಿಟ್ಟಿತು, ಮರುದಿನ ನೀರೂ ಬಿಟ್ಟಿತು. ಕಾಂಪೌಂಡರು ಊತಕ್ಕೆ ಸೂಜಿ ಚುಚ್ಚಿ ಕೆಂಪು ನೀರು ತೆಗೆದು ಇಂಜೆಕ್ಷನ್ ಬದಲಾಯಿಸಿದರು.

"ಯಾಕೆ ಅದನ್ನ ಇಷ್ಟು ಗೋಳು ಹೊಯ್ಕತೀರಿ? ಸುಮ್ನೆ ಹೋಗಾಕೆ ಬಿಡ್ರಿ" ಎಂದರು ಅತ್ತೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ನಿಜ ಹೇಳಬೇಕೆಂದರೆ ಆ ಎರಡು ದಿನ ನನಗೂ ಹಾಗೇ ಅನ್ನಿಸಿತ್ತು. ಅದು ಸತ್ತರೆ ನನ್ನನ್ನು ನೋಡಿ ಗುರುಗುಟ್ಟುವವರು ಯಾರೂ ಇರುವುದಿಲ್ಲ ಎಂಬ ಯೋಚನೆಯೂ ಬಂತು. ಅದಕ್ಕೆ ನನಗೇ ನಾಚಿಕೆಯಾಯಿತು. ಮೂರನೆಯ ದಿನ ಕೆಂಚಿ ಮಜ್ಜಿಗೆ ಕುಡಿಯಿತು. ಮನೆಯವರು ತಟ್ಟೆ ಎತ್ತಿ ನನಗೆ ತೋರಿಸಿದರು.

ಹೊಲಿಗೆ ಬಿಚ್ಚಿಸಲು ಮತ್ತೆ ದುರ್ಗಕ್ಕೆ ಹೋದೆವು. ಡಾಕ್ಟರು ದಾರ ಕತ್ತರಿಸುತ್ತಲೇ ಹೇಳಿದರು: "ನಿಮ್ಮ ಕಡೆ ಕಾಲು ಕಟ್ಟೋರು ಅಂದ್ರಲ್ಲ, ಅವರನ್ನ ಒಂದು ದಿನ ಕರ್ಕೊಂಡು ಬನ್ನಿ. ಬೈಯಲ್ಲ. ಹೇಳಿಕೊಡ್ತೀನಿ. ಇನ್ನೊಂದು ನಾಯಿಗೆ ಹಿಂಗಾಗಬಾರದು."

ಮನೆಯವರು ಕೆಂಚಿಯ ಕತ್ತು ತಬ್ಬಿ ಹಿಡಿದಿದ್ದರು. ತಲೆ ಎತ್ತಲಿಲ್ಲ. ಬೇಕಾದರೆ ಆಗಲೂ ತಪ್ಪಿಸಿಕೊಳ್ಳಬಹುದಿತ್ತು.

"ಅವರು ಬಂದವ್ರೆ ಮೇಡಂ" ಎಂದೆ.

ಡಾಕ್ಟರು ಮನೆಯವರನ್ನು ನೋಡಿದರು.

"ಅವರಲ್ಲ. ನಾನು. ಕಾಲು ಕಟ್ಟಿದ್ದೂ ನಾನೆ, ಕಡೀಬಾರದು ಅಂತ ಬಾಯಿ ಕಟ್ಟಿದ್ದೂ ನಾನೆ."

ಡಾಕ್ಟರು ಉಳಿದ ದಾರ ಕತ್ತರಿಸಿದರು. ಎಲ್ಲ ಮುಗಿದು ಕೈ ತೊಳೆದ ಮೇಲೆ ಒಂದು ಬ್ಯಾಂಡೇಜ್ ಸುರುಳಿ ತಂದು ನನ್ನ ಮುಂಗೈಗೇ ಕಟ್ಟಿ ತೋರಿಸಿದರು. ಕುರಿಯ ಕಾಲು ಕೆಳಗೆ ಬರೀ ಮೂಳೆ, ಗೊರಸು ಊದುವುದಿಲ್ಲ. ನಾಯಿಯ ಪಂಜ ಮಾಂಸ, ಊದುತ್ತದೆ. ಊದಲು ಜಾಗವಿಲ್ಲದಿದ್ದರೆ ಸಾಯುತ್ತದೆ. ಬೆರಳ ತುದಿ ಹೊರಗೆ ಕಾಣಬೇಕು, ದಿನಕ್ಕೆ ಎರಡು ಸಲ ಮುಟ್ಟಿ ಬಿಸಿ ಇದೆಯಾ ನೋಡಬೇಕು, ತಣ್ಣಗಾದರೆ ಆ ಕ್ಷಣವೇ ಬಿಚ್ಚಿ ಆಸ್ಪತ್ರೆಗೆ ತರಬೇಕು. ಅಂಗನವಾಡಿ ಮಕ್ಕಳಿಗೆ ನಾನು ಹೇಳಿಕೊಡುವಷ್ಟೇ ನಿಧಾನವಾಗಿ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಅದಾದ ಮೇಲೆ ಪಕ್ಕದ ಹಟ್ಟಿಯ ಈರಣ್ಣ ಮರಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಹಿಂಗಾಲು ಮುರಿದಿತ್ತು. ಕಟ್ಟುವ ಮುಂಚೆ ಜಗಲಿಯಲ್ಲಿ ಮಲಗಿದ್ದ ಕೆಂಚಿಯನ್ನು ತೋರಿಸಿ, "ಅದರ ಕಾಲು ತೆಗೆದಿದ್ದು ಬೈಕಲ್ಲ ಈರಣ್ಣ, ನನ್ನ ಕಟ್ಟು. ಬೇಕಾದ್ರೆ ಹೊಳಲ್ಕೆರೆಗೆ ಒಯ್ಯಿ" ಎಂದೆ.

ಅವನು ಮರಿಯನ್ನು ಹೆಗಲಿನಿಂದ ಜಗಲಿಗೆ ಇಳಿಸಿದ. "ಇರ್ಲಿ ಕಟ್ಟಕ್ಕ. ಒಂಬತ್ತು ದಿನ ತಾನೆ?"

"ನಾಳೆ ಬೆಳಿಗ್ಗೆ ತಗಂಡು ಬಾ. ನಾಡಿದ್ದೂ ಬಾ. ದಿನಾ ನೋಡ್ತೀನಿ."

ಆಮೇಲೆ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಕೆಲವರು ಮರಿಯನ್ನು ಎತ್ತಿಕೊಂಡು ವಾಪಸ್ ಹೋದರು. ಅವರದೇನೂ ತಪ್ಪಿಲ್ಲ.

ಈಗ ಮೂರು ತಿಂಗಳಾಗುತ್ತ ಬಂತು. ಕೆಂಚಿ ಕುಪ್ಪಳಿಸಿಕೊಂಡು ಹಿಂಡಿನ ಹಿಂದೆ ಅರ್ಧ ದಾರಿಯವರೆಗೆ ಹೋಗುತ್ತದೆ. ಕುರಿಗಳು ಮೊದಲಿನ ಹಾಗೆ ಹೆದರುವುದಿಲ್ಲ. ಒಂದೊಂದು ಟಗರು ಎದುರಿಗೇ ನಿಲ್ಲುತ್ತದೆ. ಅದು ಕೆಂಚಿಗೆ ತಿಳಿಯುತ್ತದೆ, ತಿಳಿದಾಗ ಕೂತುಬಿಡುತ್ತದೆ. ನಾನಿಟ್ಟ ಅನ್ನವನ್ನು ನಾನು ಒಳಗೆ ಹೋದ ಮೇಲೆ ಉಣ್ಣುತ್ತದೆ. ನಾನೂ ಕರೆಯುವುದಿಲ್ಲ. ಕರೆಯುವ ಹಕ್ಕು ಕಳೆದುಕೊಂಡಿದ್ದೇನೆ ಎಂದು ಸುಮ್ಮನಿದ್ದೆ.

ಹೋದ ಭಾನುವಾರ ಬುತ್ತಿ ತೆಗೆದುಕೊಂಡು ಹೊಲದ ಕಡೆ ಹೋಗುತ್ತಿದ್ದೆ. ಪೈಪ್ ಹಾಕಲು ಅಗೆದ ಕಾಲುವೆಯೊಂದು ದಾರಿಯಲ್ಲಿ ತೆರೆದೇ ಇದೆ, ಸೊಂಟದುದ್ದ ಆಳ. ಅದರೊಳಗೆ ಕೆಂಚಿ ಬಿದ್ದಿತ್ತು. ಮೇಲೆ ಜಿಗಿಯಲು ನೋಡುತ್ತಿತ್ತು, ಒಂದೇ ಮುಂಗಾಲಿಗೆ ಮಣ್ಣು ಹಿಡಿತ ಸಿಗದೆ ಜಾರುತ್ತಿತ್ತು. ಮೂತಿಯೆಲ್ಲ ಮಣ್ಣಾಗಿತ್ತು. ಮನೆಯವರು ದೂರದಲ್ಲಿ ಕುರಿಗಳ ಜೊತೆಗಿದ್ದರು. ಕೂಗಿದೆ, ಗಾಳಿಗೆ ಕೇಳಿಸಲಿಲ್ಲ.

ಬುತ್ತಿ ಇಟ್ಟು ಕಾಲುವೆಗೆ ಇಳಿದೆ. ಕೆಂಚಿ ಗೋಡೆಗೆ ಒತ್ತಿಕೊಂಡಿತು. ಹಲ್ಲು ಕಾಣಿಸಿತು. ಗುರುಗುಟ್ಟತೊಡಗಿತು. ಒಂದು ಕೈ ಎದೆಯ ಕೆಳಗೆ, ಒಂದು ಕೈ ಹೊಟ್ಟೆಯ ಕೆಳಗೆ ಹಾಕಿದೆ. ಹೊಲಿಗೆಯ ಗುರುತು ನನ್ನ ಅಂಗೈಗೆ ತಾಗಿತು. ಎತ್ತುವಾಗ ನನ್ನ ಕೆನ್ನೆ ಅದರ ಬಾಯಿಯ ಪಕ್ಕದಲ್ಲೇ ಇತ್ತು. ಕಚ್ಚಿದರೆ ಕಚ್ಚಲಿ ಅಂದುಕೊಂಡೆ, ಅದರ ಬಾಯಿ ಅದರದು. ಮೇಲೆ ಬಿಡುವವರೆಗೂ ಗುರುಗುಟ್ಟುತ್ತಲೇ ಇತ್ತು.

ಕಚ್ಚಲಿಲ್ಲ.

ಮೈ ಕೊಡವಿಕೊಂಡು ಕುರಿಗಳ ಕಡೆ ಕುಪ್ಪಳಿಸುತ್ತ ಹೋಯಿತು. ತಿರುಗಿ ನೋಡಲಿಲ್ಲ. ನಾನು ಕಾಲುವೆಯೊಳಗೇ ಕೂತು ಸೆರಗಿನಿಂದ ಮುಖ ಒರೆಸಿಕೊಂಡೆ, ಆಮೇಲೆ ಹತ್ತಿ ಬಂದು ಬುತ್ತಿ ಎತ್ತಿಕೊಂಡು ಅದರ ಹಿಂದೆ ನಡೆದೆ.