ದುರ್ಬೀನಿನಲ್ಲಿ ಮಾವನವರು

ಬೆಳಗ್ಗೆ ಹಾಲು ಕರೆದೆ. ಖಾಲಿಯಾಗಿದ್ದ ರೇಷ್ಮೆ ಹುಳದ ಮನೆಗೆ ಸುಣ್ಣ ಬಳಿದು, ಬಿದಿರಿನ ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟೆ. ರಾಗಿ ಹಿಟ್ಟು ಜರಡಿ ಹಿಡಿದೆ, ಮಾವನವರಿಗೆ ಒಗೆದ ಪಂಚೆ ತೆಗೆದಿಟ್ಟೆ. ಆಮೇಲೆ ಮಾವ, ಅತ್ತೆ, ನಾನು ಶ್ರೀನಿವಾಸಪುರದಲ್ಲಿ ಕೋಲಾರದ ಬಸ್ಸು ಹತ್ತಿದೆವು. ಎಂಬತ್ತರ ದಶಕದ ಮಾತು.

ಕೋಲಾರದ ಒಂದು ಕಾಲೇಜಿನಲ್ಲಿ ಹಳೆಯ ವಿಜ್ಞಾನದ ಉಪಕರಣಗಳನ್ನು ಕೋಣೆಯೊಂದರಲ್ಲಿ ಜೋಡಿಸಿ ಬಂದವರಿಗೆ ತೋರಿಸುತ್ತಿದ್ದರು. ಮಾವ ವಯಸ್ಸಿನಲ್ಲಿ ಸರ್ವೆಯವರ ಹಿತ್ತಾಳೆ ದುರ್ಬೀನು ಹೊತ್ತು ಮುಳಬಾಗಿಲಿನ ಬಂಡೆಗಳನ್ನೆಲ್ಲ ಹತ್ತಿಳಿದವರು. ಅದರೊಳಗೆ ಮನುಷ್ಯರು ತಲೆಕೆಳಗಾಗಿ ಕಾಣುತ್ತಾರೆ ಎಂದರೆ ಅತ್ತೆ ನಂಬುತ್ತಿರಲಿಲ್ಲ. ಅಂಥದೊಂದು ಆ ಕೋಣೆಯಲ್ಲಿದೆ ಎಂದು ತಿಳಿದ ಮೇಲೆ ಮಾವನಿಗೆ ಒಂದೇ ಆಸೆ: ಅತ್ತೆಗೆ ತೋರಿಸಬೇಕು, ತಾವೂ ಇನ್ನೊಮ್ಮೆ ನೋಡಬೇಕು.

ರೇಷ್ಮೆ ಹುಳ ಸಾಕುವ ಮನೆಯಿಂದ ಮೂವರು ಒಟ್ಟಿಗೆ ಹೊರಡುವುದುಂಟೇ? ಈ ಬೆಳೆ ಗೂಡು ಕಟ್ಟಲಿ ಅಂದೆವು. ಕಟ್ಟುವಷ್ಟರಲ್ಲಿ ಹೊಸ ಮೊಟ್ಟೆ ತಂದಾಗಿತ್ತು. ಹುಳ ಮೇವು ಬಿಟ್ಟು ಚರ್ಮ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ; ಆಗ ಮನೆ ಬಿಟ್ಟು ಕದಲುವಂತಿಲ್ಲ. ಜ್ವರ ಬಿಟ್ಟರೆ ಸೊಪ್ಪು ಹಾಕಿದಷ್ಟೂ ಸಾಲದು. ಹೀಗೇ ವರ್ಷಗಳು ಹೋಗಿ, ಮಾವನ ಎರಡೂ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೂ ಅದೇ ಮಾತು, ಈ ಬೆಳೆ ಆಗಲಿ.

ಪೊರೆ ಬಂದ ಕಣ್ಣಿಗೆ ದುರ್ಬೀನಿನಲ್ಲಿ ಏನು ಕಂಡೀತು ಎಂದರೆ, "ದೂರದ್ದನ್ನ ಹತ್ರ ತರೋ ಸಾಮಾನಮ್ಮ ಅದು. ನನ್ ಕಣ್ಣಿಗೇನು ಅಂಥ ಕೆಲ್ಸ ಐತೆ?" ಅನ್ನುತ್ತಿದ್ದರು ಮಾವ.

ಅಂತೂ ಅಂದು ಕಾಲೇಜು ತಲುಪಿದೆವು. ಕೋಣೆಯಲ್ಲಿ ತಕ್ಕಡಿಗಳು, ದಿಕ್ಸೂಚಿ, ಗಾಜಿನ ಬುರುಡೆಗಳು. ಮಾವ ಯಾವುದಕ್ಕೂ ನಿಲ್ಲಲಿಲ್ಲ. ಕಿಟಕಿಯ ಬಳಿ ಮೂರು ಕಾಲಿನ ಮೇಲಿದ್ದ ದುರ್ಬೀನನ್ನು ತಡವಿಯೇ ಗುರುತು ಹಿಡಿದರು. ಅಲ್ಲಿದ್ದ ಮೇಷ್ಟ್ರು ಒಳ್ಳೆಯವರು, ನೋಡಿ ಅಂದರು. ಮಾವ ಅತ್ತೆಯನ್ನು ಅದರ ಮುಂದೆ ನಿಲ್ಲಿಸಿ, ನನ್ನ ಕೈ ಹಿಡಿದು ಅಂಗಳದಾಚೆ ಹೊಂಗೆಮರದ ಕೆಳಗೆ ಹೋಗಿ ನೆಟ್ಟಗೆ ನಿಂತರು.

"ಅಯ್ಯೋ ದೇವುಡಾ! ತಲೆ ಕೆಳಗೆ ಮಾಡ್ಕೊಂಡು ನಿಂತವ್ರಲ್ಲೇ! ಪಂಚೆ ಮಾತ್ರ ಬೀಳ್ತಾ ಇಲ್ಲ!" ಕಿಟಕಿಯೊಳಗಿಂದ ಅತ್ತೆಯ ನಗು.

"ಈಗ ನಂಬ್ತೀಯೇನೇ?" ಅಂದರು ಮಾವ.

ನಾವು ಒಳಗೆ ಬಂದೆವು. ಈಗ ಅತ್ತೆ ಹೋಗಿ ಮರದ ಕೆಳಗೆ ನಿಂತರು. ಮಾವ ಬಗ್ಗಿ ಕಣ್ಣಿಟ್ಟರು. ಬಹಳ ಹೊತ್ತು ನೋಡಿ, ಇನ್ನೊಂದು ಕಣ್ಣಿಟ್ಟರು. "ಗಾಜು ಒರೆಸಬೇಕೇನೋ ಸ್ವಾಮಿ" ಅಂದರು. ಮೇಷ್ಟ್ರು ಒರೆಸಿದರು.

"ಏನು ಕಾಣುತ್ತೆ ಮಾವ?"

"ಬೆಳ್ಳಗೈತಮ್ಮ. ಬರೀ ಬೆಳ್ಳಗೆ."

ಹೊರಗಿನಿಂದ ಅತ್ತೆ ಕೂಗಿದರು: "ನನ್ ಸೀರೆ ಸರಿಯಾಗೈತೇನ್ರೀ?"

"ಸರಿಯಾಗೈತೆ, ಬಾ" ಅಂದರು ಮಾವ.

ಮಾವನಿಗೆ ಏನೂ ಕಾಣಲಿಲ್ಲವೆಂದು ಬಸ್ ಸ್ಟ್ಯಾಂಡಿನಲ್ಲಿ ಅತ್ತೆಗೆ ಮೆಲ್ಲಗೆ ತಿಳಿಸಿದೆ. ಬಸ್ಸು ಹೊರಟ ಮೇಲೆ ಅವರು, "ನಂಗೂ ಅಂಥ ಚೆನ್ನಾಗೇನ್ ಕಾಣ್ಲಿಲ್ಲ ಬಿಡ್ರಿ" ಅಂದರು.

"ನೀನ್ ನಕ್ಕಿದ್ದು ಕೇಳಿಸ್ತು ಕಣೇ."

ಆಮೇಲೆ ಆಪರೇಷನ್ ಮಾಡಿಸಿದೆವು. ತಡವಾಗಿತ್ತು, ದೃಷ್ಟಿ ಮರಳಲಿಲ್ಲ. ಒಂದು ಬೆಳೆ ಬಿಟ್ಟಿದ್ದರೆ ನಾವೇನು ಉಪವಾಸ ಬೀಳುತ್ತಿದ್ದೆವೇ ಎಂದು ಈಗಲೂ ಅನ್ನಿಸುತ್ತದೆ.

ಕೋಲಾರದಿಂದ ಬಂದ ಆ ಸಂಜೆ ಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡಿದ್ದೆ. ಮಾವ ಅರ್ಧ ಮುದ್ದೆಗೇ ಕೈ ತೊಳೆದು, ಗೋಡೆಯ ಕಡೆ ತಿರುಗಿ ಮಲಗಿದರು. ನಿದ್ದೆ ಮೊದಲು ಬಂದದ್ದು ಅತ್ತೆಗೆ; ಮಾವ ಇನ್ನೂ ಎಚ್ಚರವಾಗಿದ್ದರು.