ಎರಡು ಪದರದ ಮಾತ್ರೆ

ಅಪ್ಪ ಮಾತ್ರೆಯೊಂದರ ಹೊಲಿಗೆ ಬಿಚ್ಚುತ್ತಿದ್ದುದನ್ನು ನಾನು ನೋಡಿದ್ದು ಒಂದು ಭಾನುವಾರದ ಬೆಳಗ್ಗೆ. ತಮಾಷೆಯಂತೆ ಕೇಳಿಸಬಹುದು, ಆದರೆ ಬೇರೆ ಹೇಗೆ ಹೇಳಬೇಕೋ ತಿಳಿಯದು. ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಪ್ಪನ ಟೈಲರ್ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ತಪ್ಪು ಬಿದ್ದ ಹೊಲಿಗೆ ಬಿಚ್ಚಲು ಅರ್ಧಕ್ಕೆ ಮುರಿದ ಬ್ಲೇಡೊಂದು ಸದಾ ಮಷೀನಿನ ಮೇಲಿರುತ್ತದೆ. ಅದನ್ನೇ ಹಿಡಿದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಒಂದು ಕಡೆ ಬಿಳಿ, ಇನ್ನೊಂದು ಕಡೆ ಹಳದಿ ಇದ್ದ ಮಾತ್ರೆಯ ನಡುವಿನ ಗೆರೆಗೆ ಮೊನೆ ಇಟ್ಟು ಮೆಲ್ಲಗೆ ತಿರುವಿದ. ಮಾತ್ರೆ ಎರಡು ಬಿಲ್ಲೆಯಾಯಿತು. ಹಳದಿಯನ್ನು ತಾನು ನುಂಗಿದ. ಬಿಳಿಯದನ್ನು ಅವ್ವನ ಅಂಗೈಗೆ ಹಾಕಿದ. ಅವಳು ನೀರು ಕುಡಿದು ಒಲೆಯ ಕಡೆಗೆ ಹೋದಳು. ಇಬ್ಬರ ಮುಖದಲ್ಲೂ ಇದು ದಿನದ ಕೆಲಸ ಎಂಬ ನಿರಾಳ ಇತ್ತು.

ಏನಪ್ಪ ಇದು ಎಂದು ಕೇಳಿದೆ.

"ಒಂದ್ರಲ್ಲೇ ಎರಡು ಮಾತ್ರೆ ಅವೆ ಅಂದ್ರು ಕಣವ್ವ ಡಾಕ್ಟ್ರು. ನಾವೂ ಇಬ್ರು. ಸರೋಯ್ತಲ್ಲ?"

ಅಪ್ಪನಿಗೆ ಬಿ.ಪಿ.ಗೆ ಎರಡು ಬಗೆಯ ಔಷಧಿ ಬೇಕು, ಅವ್ವನಿಗೆ ಒಂದು ಸಾಕು. ಅವ್ವನ ಬಿಳಿ ಮಾತ್ರೆ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುತ್ತಿತ್ತು; ಅಲ್ಲಿ ಸ್ಟಾಕ್ ಇಲ್ಲ, ಮುಂದಿನ ವಾರ ಬಾಮ್ಮ ಎಂದು ಕಳಿಸುತ್ತಲೇ ಇದ್ದರು. ಅದೇ ಹೊತ್ತಿಗೆ ಅಪ್ಪನ ಡಾಕ್ಟರು ಎರಡು ಮಾತ್ರೆಗಳ ಬದಲು ಈ ಜೋಡಿ ಮಾತ್ರೆ ಬರೆದುಕೊಟ್ಟರು. ಬಿಳಿ ಭಾಗ ಅವ್ವನ ಹಳೆಯ ಮಾತ್ರೆಯ ಹಾಗೇ ಕಂಡಿತು. ಅಲ್ಲಿಗೆ ಅಪ್ಪನ ತೀರ್ಮಾನ ಮುಗಿಯಿತು. ನಿನಗೆ ಬರೆದ ಔಷಧಿ ನೀನೇ ತಗೋಬೇಕು, ಬಣ್ಣ ನೋಡಿ ಹಂಚೋದಕ್ಕೆ ಇದೇನು ಬ್ಲೌಸ್ ಪೀಸಾ ಎಂದು ನಾನು ಜಗಳ ತೆಗೆದೆ. ಅಪ್ಪ ಸೋಲಲಿಲ್ಲ. "ಬಿಚ್ಬಾರ್ದು ಅಂದ್ರೆ ಗೆರೆ ಯಾಕ್ ಆಕವ್ರೆ?" ಎಂದ. ಜೀವಮಾನವಿಡೀ ಗೆರೆ ಕಂಡಲ್ಲಿ ಕತ್ತರಿ, ಹೊಲಿಗೆ ಕಂಡಲ್ಲಿ ಬ್ಲೇಡು ಇಟ್ಟವನು ಅವನು. ಈಚೆಗೆ ಕಣ್ಣು ಕತ್ತಲೆ ಬರುತ್ತದೆ ಎಂದು ಮಷೀನು ನಿಲ್ಲಿಸಿ ಕೂರುತ್ತಿದ್ದುದನ್ನು ನಾವೆಲ್ಲ ಬಿಸಿಲಿನ ಲೆಕ್ಕಕ್ಕೆ ಹಾಕಿದ್ದೆವು.

ಪಕ್ಕದಲ್ಲೇ ನನ್ನ ಅಕ್ಕ ನಿಂತಿದ್ದಳು. ಆ ಮಾತ್ರೆ ತಯಾರಾಗುವ ಕಾರ್ಖಾನೆಯಲ್ಲೇ ಅವಳ ಕೆಲಸ. ಅವಳು ಅಪ್ಪನನ್ನು ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಬ್ಲೇಡನ್ನು ಎಷ್ಟು ಒತ್ತಿದೆ ಎಂದು ಮಾತ್ರ ಕೇಳಿದಳು.

"ಒತ್ತೋದೇನ್ ಬಂತು? ಕ್ರೀಮ್ ಬಿಸ್ಕತ್ತು ಬುಡುಸ್ದಂಗೆ ಬತ್ತದೆ."

ಅಕ್ಕ ಸ್ಟ್ರಿಪ್ಪಿನಿಂದ ಇನ್ನೊಂದು ಮಾತ್ರೆ ತೆಗೆದು ಗೆರೆಗೆ ಉಗುರು ತಾಗಿಸಿದಳು. ಬಿಟ್ಟುಕೊಂಡಿತು. ಬಿಡಬಾರದಿತ್ತು. ಅದು ಬಿಡದ ಹಾಗೆ ನೋಡಿಕೊಳ್ಳುವುದೇ ಅವಳ ಕೆಲಸ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಕ್ಕ ಬಿಎಸ್ಸಿ ಮುಗಿಸಿ ನಂಜನಗೂಡಿನ ಕೈಗಾರಿಕಾ ಪ್ರದೇಶದ ಆ ಕಾರ್ಖಾನೆಯ ಲ್ಯಾಬಿಗೆ ಸೇರಿದ್ದು ಕಂಟ್ರಾಕ್ಟ್ ಮೇಲೆ. ಆಮೇಲೆ ಹೊರದೇಶದ ಕಂಪನಿಯೊಂದು ಅದರ ದೊಡ್ಡ ಪಾಲನ್ನು ಕೊಂಡಿತು. ಆ ದುಡ್ಡಿನಿಂದ ಹೊಸ ಕಟ್ಟಡ ಎದ್ದಿತು, ಎರಡು ಪದರದ ಮಾತ್ರೆ ಒತ್ತುವ ಯಂತ್ರ ಬಂತು. ಎರಡು ಔಷಧಿಯನ್ನು ಕಲಸಿ ಒತ್ತಿಬಿಟ್ಟರೆ ಆಯಿತಲ್ಲ ಎಂದು ನಾನು ಉಡಾಫೆ ಮಾಡಿದ್ದೆ. ಕೆಲವು ಔಷಧಿಗಳು ಒಟ್ಟಿಗಿದ್ದರೆ ಒಂದನ್ನೊಂದು ಕೆಡಿಸುತ್ತವಂತೆ. ಅದಕ್ಕೇ ಬೇರೆ ಬೇರೆ ಪದರ. ಬೇರೆಯಾಗಿಯೂ ಇರಬೇಕು, ಬಿಟ್ಟೂ ಹೋಗಬಾರದು. ಒತ್ತಡ ಕಡಿಮೆಯಾದರೆ ಬಿಡುತ್ತದೆ, ಹೆಚ್ಚಾದರೆ ಹೊಟ್ಟೆಯಲ್ಲಿ ಕರಗುವುದಿಲ್ಲ. ತಿಂಗಳುಗಟ್ಟಲೆ ಅಕ್ಕ ಮಾತ್ರೆಗಳನ್ನು ಪುಟ್ಟ ಪೀಪಾಯಿಯಲ್ಲಿ ಉರುಳಿಸಿ, ಒಡೆದವನ್ನು ಆರಿಸಿ, ಮತ್ತೆ ಉರುಳಿಸಿದ್ದಳು. ಮಾತ್ರೆ ಮಾರುಕಟ್ಟೆಗೆ ಹೋದ ದಿನ ಮನೆಗೆ ಮೈಸೂರುಪಾಕು ತಂದಿದ್ದಳು.

ನನಗೋ ವಾದ ಮಾಡುವುದೇ ಕಾಲೇಜು ಕಲಿಸಿದ ಕಸುಬು. ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಬೇಕು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ವಿದೇಶಿ ಬಂಡವಾಳದಿಂದ ಆದಾಯದ ಅಸಮಾನತೆ ತಗ್ಗುತ್ತದೆ ಎಂಬ ವಿಷಯಕ್ಕೆ ಒಂದು ಊರಿನಲ್ಲಿ ಪರವಾಗಿ, ಇನ್ನೊಂದು ಊರಿನಲ್ಲಿ ವಿರೋಧವಾಗಿ ಮಾತಾಡಿ ಎರಡು ಕಡೆಯೂ ಗೆದ್ದವಳು ನಾನು. ಹಾಗಾಗಿ ಎರಡು ಪಕ್ಷದ ಮೇಲೂ ನನಗೆ ಅನುಮಾನ. ಹೊರಗಿನ ದುಡ್ಡು ಬಂದು ನಮ್ಮವರನ್ನು ಹಾಳುಮಾಡಿತು ಎನ್ನುವವರಿಗೆ ನಾನು ಹೇಳುತ್ತಿದ್ದೆ: ಅದು ಬರುವ ಮೊದಲು ತಗಡೂರಿನ ಕಡೆಯಿಂದ, ಕವಲಂದೆಯ ಕಡೆಯಿಂದ ಕೂಲಿಗೆ ಹೋಗುತ್ತಿದ್ದ ಹೆಂಗಸರು ರಾಣಿಯರಾಗಿದ್ದರೇ? ಇಂದು ಅವರ ಮಕ್ಕಳಿಗೆ ತಿಂಗಳ ಸಂಬಳವಾದರೂ ಇದೆ. ದುಡ್ಡು ಬಂತು, ಎಲ್ಲರೂ ಮೇಲಕ್ಕೆ ಬಂದರು ಎನ್ನುವವರಿಗೆ ಕೇಳುತ್ತಿದ್ದೆ: ಮೇಲಕ್ಕೆ ಅಂದರೆ ಎಷ್ಟು ಮೇಲಕ್ಕೆ, ಯಾರಿಗಿಂತ? ಅಧಿಕಾರಿಗಳ ಕಾರು ಬದಲಾಯಿತು. ಕಾಯಂ ನೌಕರರಿಗೆ ಎ.ಸಿ. ಬಸ್ಸು, ಒಳಗಿನ ಕ್ಯಾಂಟೀನು, ಮನೆಯವರಿಗೂ ಆಸ್ಪತ್ರೆ ವಿಮೆ. ಅದೇ ಬಿಳಿ ಕೋಟು ಹಾಕಿ ಅದೇ ಮೇಜಿನಲ್ಲಿ ಕೆಲಸ ಮಾಡುವ ಅಕ್ಕನಿಗೆ ವ್ಯಾನು, ಗೇಟಿನ ಪಕ್ಕದ ಶೆಡ್ಡಿನಲ್ಲಿ ಬುತ್ತಿ. ಏರುಪೇರು ಮೊದಲೂ ಇತ್ತು. ದುಡ್ಡು ಬಂದ ಮೇಲೆ ಅದಕ್ಕೊಂದು ಕಟ್ಟಡ ಸಿಕ್ಕಿತು, ಅಷ್ಟೆ.

ಆ ಭಾನುವಾರದ ಹೊತ್ತಿಗೆ ಕಾರ್ಖಾನೆಯಲ್ಲಿ ಒಂದು ಸುದ್ದಿ ಇತ್ತು. ಹೊರದೇಶದ ಯಜಮಾನರು ನೋಡಲು ಬರುತ್ತಾರೆ, ಅವರು ಬಂದು ಹೋದ ಮೇಲೆ ಲ್ಯಾಬಿನ ಕಂಟ್ರಾಕ್ಟಿನವರಲ್ಲಿ ಕೆಲವರನ್ನು ಕಾಯಂ ಮಾಡುತ್ತಾರೆ. ಅಕ್ಕನ ಹೆಸರಿದೆ ಎಂದು ಅವಳ ಮೇಲ್ವಿಚಾರಕರೇ ಬಾಯಿಬಿಟ್ಟು ಹೇಳಿದ್ದರು. ವರ್ಷಗಳಿಂದ ಅವಳು ಕಾದದ್ದು ಅದೊಂದಕ್ಕೇ. ಕಾಯಂ ಆದರೆ ಅಪ್ಪ ಅವ್ವನ ಔಷಧಿಯೂ ವಿಮೆಯೊಳಗೆ ಬರುತ್ತದೆ.

ಮಧ್ಯಾಹ್ನ ಅಪ್ಪನಿಂದ ಇನ್ನು ಮಾತ್ರೆ ಸೀಳುವುದಿಲ್ಲ ಎಂದು ಮಾತು ತೆಗೆದುಕೊಂಡೆವು. ಔಷಧಿ ಅಂಗಡಿಯಲ್ಲಿ ಅವ್ವನಿಗೆ ಅವಳದೇ ಮಾತ್ರೆ ಕೊಂಡೆವು. ಬೇರೊಂದು ಅಂಗಡಿಯಲ್ಲಿ ಅಕ್ಕ ಅದೇ ಜೋಡಿ ಮಾತ್ರೆಯ ಇನ್ನೊಂದು ಸ್ಟ್ರಿಪ್ ಕೇಳಿದಳು. ಸಂಗಮದ ಮೆಟ್ಟಿಲ ಮೇಲೆ ಕೂತು ಬಿಡಿಸಿದೆವು. ಎರಡು ಮಾತ್ರೆ ಗಟ್ಟಿಯಾಗಿದ್ದವು. ಮೂರನೆಯದು ಹಾಳೆ ಹರಿದು ಹೊರಬರುವಾಗಲೇ ಬೇರೆಯಾಯಿತು; ಹಳದಿ ಅವಳ ಕೈಯಲ್ಲಿ ಉಳಿಯಿತು, ಬಿಳಿ ಮೆಟ್ಟಿಲಿಂದ ಉರುಳಿ ನೀರಿಗೆ ಬಿತ್ತು. ಲ್ಯಾಬಿನಲ್ಲಿ ಪಾಸಾದದ್ದು ಅಂಗಡಿಯ ಸೆಕೆಯಲ್ಲಿ ಕೂತು ಸಡಿಲವಾಗಿರಬಹುದು ಎಂದಳು. ಮುದುಕಿಯೊಬ್ಬಳು ಕೈಗೆ ಸಿಕ್ಕ ಅರ್ಧವನ್ನೇ ಮಾತ್ರೆ ಅಂದುಕೊಂಡು ನುಂಗಿದರೆ ಎಂದು ಕೇಳಿದಳು.

ನಾನು ಶುರುಮಾಡಿದೆ. ಹೇಳಲೇಬೇಕು, ಆದರೆ ನೀನೇ ಯಾಕೆ ಹೇಳಬೇಕು? ಹೆಸರಿಲ್ಲದೆ ಬರೆದು ಹಾಕಬಹುದು. ಕಾಯಂ ಆದವರೊಬ್ಬರಿಂದ ಹೇಳಿಸಬಹುದು. ಯಜಮಾನರು ಬಂದು ಹೋಗಲಿ, ಹೆಸರು ಗಟ್ಟಿಯಾಗಲಿ, ಆಮೇಲೆ ಹೇಳು. ಒಳಗಿದ್ದವರ ಮಾತಿಗೆ ತೂಕ ಹೆಚ್ಚು, ಆಗ ಇನ್ನೂ ಹೆಚ್ಚು ಜನಕ್ಕೆ ಒಳ್ಳೆಯದಾಗುತ್ತದೆ. ಈ ಕೊನೆಯ ವಾದ ನನಗೇ ಇಷ್ಟವಾಯಿತು. ಅದರಲ್ಲಿ ಸ್ವಾರ್ಥವೂ ಇತ್ತು, ನೀತಿಯೂ ಇತ್ತು, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಕಾಣುತ್ತಿರಲಿಲ್ಲ.

ಅಕ್ಕ ಪೂರ್ತಿ ಕೇಳಿಸಿಕೊಂಡಳು. ಒಂದು ಗಳಿಗೆ ಅವಳಿಗೂ ಅದು ಇಷ್ಟವಾಯಿತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆಮೇಲೆ ಹೇಳಿದಳು:

"ಅಪ್ಪನ್ಗೆ ಇವತ್ತೇ ನಿಲ್ಲಿಸು ಅಂದ್ವಿ ಕಣೇ. ಇನ್ನೊಬ್ರ ಅಪ್ಪನ್ಗೆ ಮುಂದಿನ್ ತಿಂಗ್ಳು ಹೇಳಣ ಅಂತೀಯಾ?"

ಸೋಮವಾರ ಅವಳು ಎರಡೂ ಸ್ಟ್ರಿಪ್ ತೆಗೆದುಕೊಂಡು ಹೋದಳು. ಅಲ್ಲಿ ನಡೆದದ್ದನ್ನು ಅವಳ ಬಾಯಿಂದ ಕೇಳಿದ್ದಷ್ಟೇ ನನಗೆ ಗೊತ್ತು. ಮೊದಲನೆಯದನ್ನು ತೋರಿಸಿದಾಗ ಮೇಲ್ವಿಚಾರಕರು, ಹೇಗೆ ಗೊತ್ತಾಯಿತು ಎಂದರಂತೆ. ಅಪ್ಪ ಬ್ಲೇಡು ಹಾಕಿದ್ದನ್ನು ಮುಚ್ಚಿಡದೆ ಹೇಳಿದಳು. ಅವರು ನಕ್ಕು, "ಬ್ಲೇಡ್ ಹಾಕುದ್ರೆ ಕಲ್ಲೂ ಬಿಟ್ಕೊತದಮ್ಮ" ಎಂದರು. ಅಕ್ಕ ಎರಡನೆಯ ಸ್ಟ್ರಿಪ್ ಅವರ ಕೈಗೇ ಕೊಟ್ಟು ಬರಿಗೈಯಲ್ಲಿ ಬಿಡಿಸಿ ಎಂದಳು. ಅವರು ಬಿಡಿಸಿದರು; ಮಾತ್ರೆ ಎರಡಾಗಿ ಹೊರಬಂತು. ಇಲ್ಲಿಟ್ಟು ಹೋಗು, ಯಾರ ಹತ್ತಿರವೂ ಮಾತಾಡಬೇಡ ಎಂದರು.

ಅನ್ಯಾಯವಾಗಿ ಬರೆಯಲಾರೆ. ಆ ಮಾತ್ರೆಯ ಯಂತ್ರವನ್ನು ಆ ವಾರವೇ ನಿಲ್ಲಿಸಿದರು. ಅಂಗಡಿಗಳಿಂದ ಆ ಸ್ಟ್ರಿಪ್ಪುಗಳು ಸದ್ದಿಲ್ಲದೆ ವಾಪಸಾದವು. ಯಜಮಾನರು ಬಂದಾಗ ದೋಷವನ್ನು ತಾವೇ ಕಂಡುಹಿಡಿದು ಸರಿಪಡಿಸಿದ್ದಾಗಿ ಕಾರ್ಖಾನೆಯವರು ಹೇಳಿಕೊಂಡರು, ಅವರು ಮೆಚ್ಚಿಕೊಂಡು ಹೋದರು. ಅಕ್ಕ ಆ ಹೊತ್ತು ಶೆಡ್ಡಿನಲ್ಲಿ ಊಟ ಮಾಡುತ್ತಿದ್ದಳು.

ಕಾಯಂ ಆದವರನ್ನು ಒಬ್ಬೊಬ್ಬರನ್ನಾಗಿ ಕರೆದು ಹೇಳಿದರು. ಅಕ್ಕನನ್ನು ಕರೆಯಲಿಲ್ಲ. ಕಂಟ್ರಾಕ್ಟರ್ ಬಂದು, ಮುಂದಿನ ವಾರದಿಂದ ಲ್ಯಾಬು ಬೇಡ, ಪ್ಯಾಕಿಂಗಿಗೆ ಹೋಗು ಎಂದ. ಯಾಕೆ ಎಂದರೆ ಮೇಲಿನವರು ಹೇಳಿದ್ದಾರೆ ಎಂದ. ಅವಳು ಬಾಯಿಬಿಟ್ಟದ್ದೇ ಕಾರಣ ಎಂದು ತೋರಿಸಲು ನನ್ನಲ್ಲಿ ಆಧಾರವಿಲ್ಲ. ಎದುರು ಪಕ್ಷದಲ್ಲಿ ನಾನಿದ್ದರೆ ಒಂದು ನಿಮಿಷದಲ್ಲಿ ಈ ಮಾತನ್ನು ಉರುಳಿಸುತ್ತಿದ್ದೆ: ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಅದೇ ಕಾರಣವೇ? ಕಾರಣ ಹೇಳದೆಯೇ ಕಳಿಸಬಹುದಾದವರು ಕೆಲವರು, ಕಾರಣ ಕೇಳಬಹುದಾದವರು ಕೆಲವರು ಎನ್ನುವುದಕ್ಕೆ ಮಾತ್ರ ಆಧಾರ ಬೇಕಿಲ್ಲ. ನಾನು ಸಂಬಳದ ಅಂತರವನ್ನೇ ಅಸಮಾನತೆ ಎಂದು ತಿಳಿದು ವೇದಿಕೆಗಳಲ್ಲಿ ಮಾತಾಡಿದವಳು.

ಆ ಸಂಜೆ ಅಪ್ಪ ಅಂಗಡಿ ಬೇಗ ಮುಚ್ಚಿದ. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳಿದ: "ನಾನು ಬಾಯ್ ಮುಚ್ಕಂಡು ನುಂಗಿದ್ರೆ ಆಗೋದು ಕಣವ್ವ. ನಿನ್ ಅನ್ನುಕ್ಕೆ ನಾನೇ ಬ್ಲೇಡ್ ಆಕ್ದಂಗಾಯ್ತು."

ಲೇಬರ್ ಆಫೀಸಿಗೆ ಹೋಗೋಣ, ವಕೀಲರನ್ನು ಕಾಣೋಣ ಎಂದು ನಾನು ಬಾಯಿ ತೆಗೆದೆ. ಅಕ್ಕ ತಟ್ಟೆಯ ಅನ್ನ ಕಲಸಿದಳು. ಅವ್ವ ಅವಳನ್ನು, ಇನ್ನು ಆ ಕೆಲಸಕ್ಕೆ ಹೋಗುತ್ತೀಯಾ ಎಂದು ಅಳುಕುತ್ತಲೇ ಕೇಳಿದಳು.

"ಹೋಗ್ದೆ ಏನ್ ಮಾಡ್ಲಿ?" ಎಂದಳು ಅಕ್ಕ. ಆಮೇಲೆ ಅಪ್ಪನ ಕಡೆ ತಿರುಗಿ, "ಹೊಸ ಮಾತ್ರೆ ನೋಡ್ದೆ ಅಪ್ಪ. ಈಗ ಬಿಡ್ತಾ ಇಲ್ಲ. ನೀನು ಧೈರ್ಯವಾಗಿ ತಗೋ" ಎಂದಳು.

ಅಪ್ಪ ತಲೆಯಾಡಿಸಿದ. ಅವಳು ಇನ್ನೊಂದು ಸೌಟು ಸಾರು ಬಡಿಸಿಕೊಂಡಳು. ಪ್ಯಾಕಿಂಗಿನವರ ವ್ಯಾನು ಲ್ಯಾಬಿನವರದಕ್ಕಿಂತ ಮುಂಚೆ ಬರುತ್ತದೆಂದು, ಅವ್ವನಿಗೆ ಬುತ್ತಿ ಬೇಗ ಕಟ್ಟಲು ಹೇಳಿದಳು.