ತಿರುಗಿ ಬಂದ ವಾಚನ

ಫ್ಯಾನು, ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವುದು ಅವರ ಕಸುಬು. ಆದರೂ ಚರ್ಚಿನ ಧರ್ಮಕೇಂದ್ರದವರೆಲ್ಲ ಅವರನ್ನು ಕರೆಯುತ್ತಿದ್ದದ್ದು ವಾಚನದ ಮೇಷ್ಟ್ರು ಎಂದೇ. ಭಾನುವಾರದ ಪೂಜೆಯಲ್ಲಿ ಬೈಬಲಿನ ಮೊದಲನೆಯ ವಾಚನ ಓದುವುದು ಹದಿನೆಂಟು ವರ್ಷಗಳಿಂದ ಅವರ ಸೇವೆ. ಅದಕ್ಕೆ ಮುಂಚಿನ ಶುಕ್ರವಾರ ಸಂಜೆ, ಚರ್ಚಿನ ಪಕ್ಕದ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿಯನ್ನು ಕೂರಿಸಿಕೊಂಡು ಅರ್ಥ ಬಿಡಿಸಿ ಹೇಳುವವರೂ ಅವರೇ. ಬೈಬಲನ್ನು ಅರೆದು ಕುಡಿದವರು ಎನ್ನುತ್ತಿದ್ದರು ಜನ. "ಕೆಟ್ಟ ಫ್ಯಾನಿಗೂ ಬುದ್ಧಿ ಹೇಳ್ತಾರೆ, ಅದು ನಾಚ್ಕೊಂಡು ತಿರುಗುತ್ತೆ" ಎಂದು ಹೆಂಡತಿ ನಗುತ್ತಿದ್ದಳು.

ಮಗ ಹೋದ ಮೇಲೆ ಆ ಮನೆಯಲ್ಲಿ ನಗು ಅಡಗಿತು. ಹತ್ತೊಂಬತ್ತರ ಹುಡುಗ, ಜ್ವರ ಮಿದುಳಿಗೇರಿ ನಾಲ್ಕೇ ದಿನದಲ್ಲಿ ತೀರಿಕೊಂಡ. ಸಮಾಧಿಯ ಬಳಿ ಯಾರೋ ಹೆಗಲು ತಟ್ಟಿ, "ದೇವರು ಪರೀಕ್ಷೆ ಮಾಡ್ತಾನೆ ಮೇಷ್ಟ್ರೇ" ಎಂದರು. ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ ಎನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ.

ಹೊಳೆದದ್ದು ಈಸ್ಟರಿಗೆ ಮುಂಚಿನ ಈ ತಪಸ್ಸುಕಾಲದಲ್ಲಿ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಂದು ಸುತ್ತು ಮುಗಿಸಿ ಮತ್ತೆ ಬರುತ್ತವೆ. ಅಂಗಡಿಯಲ್ಲಿ ಊಟದ ಹೊತ್ತಿಗೆ ಪುಸ್ತಕ ತೆರೆದರೆ, ಅಬ್ರಹಾಮ ತನ್ನ ಮಗನನ್ನು ಬಲಿಕೊಡಲು ಬೆಟ್ಟಕ್ಕೆ ಕರೆದೊಯ್ಯುವ ಭಾಗ. ಕೊನೆಗಳಿಗೆಯಲ್ಲಿ ದೇವದೂತ ತಡೆಯುತ್ತಾನೆ, ಮಗ ಉಳಿಯುತ್ತಾನೆ. ಮೂರು ವರ್ಷದ ಹಿಂದೆ ಇದನ್ನೇ ವಿವರಿಸುವಾಗ, ಹಿಂದಿನ ಬೀದಿಯ ದರ್ಜಿ ಹೆಂಗಸು ಕೇಳಿದ್ದಳು: "ಮಗೂನೇ ಕೇಳೋ ದೇವರು ಎಂಥ ದೇವರು ಅಣ್ಣಾ?" ಅವಳ ಏಳು ವರ್ಷದ ಮಗಳು ಆಗ ಆಸ್ಪತ್ರೆಯಲ್ಲಿದ್ದಳು. ಮೇಷ್ಟ್ರು ಹೂವೆತ್ತಿದಷ್ಟು ಸುಲಭವಾಗಿ ಉತ್ತರಿಸಿದ್ದರು: "ಪರೀಕ್ಷೆ ಕಣಮ್ಮ ಅದು. ಮನಸಾರೆ ಕೊಟ್ಟುಬಿಡು, ಅವನೇ ವಾಪಸ್ ಕೊಡ್ತಾನೆ."

ಮಗು ಉಳಿಯಲಿಲ್ಲ. ಅವಳು ಚರ್ಚಿನ ಕಡೆ ಬರುವುದನ್ನೇ ಬಿಟ್ಟಳು. ದುಃಖ ಆರಿದ ಮೇಲೆ ಬಂದಾಳು ಎಂದುಕೊಂಡು ಮೇಷ್ಟ್ರು ಮರೆತಿದ್ದರು.

ಮೇಷ್ಟ್ರು ಊಟದ ಡಬ್ಬಿ ಮುಚ್ಚಿದರು. ಅರ್ಧ ಸುತ್ತಿದ ಮೋಟಾರನ್ನು ಹಾಗೇ ಬಿಟ್ಟು, ಕೈಗಂಟಿದ ವಾರ್ನಿಷ್ ಒರೆಸಿಕೊಳ್ಳುತ್ತ ಅವಳ ಮನೆಗೆ ನಡೆದರು.

ಅವಳು ಯಾರದೋ ಅಂಗಿಗೆ ಕಾಜಾ ಹೊಲಿಯುತ್ತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ.

"ಅವತ್ತು ನಾನು ಹೇಳಿದ ಮಾತು..." ಎಂದು ಮೇಷ್ಟ್ರು ತೊದಲಿದರು.

"ಮರೀತೀನಾ? ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ನೀವು ಹೇಳಿದ ಹಾಗೇ ಮಾಡ್ದೆ ಅಣ್ಣಾ. ತಗೋಪ್ಪಾ, ನಿನ್ನದೇ ಮಗು ಅಂದೆ. ತಗೊಂಡೇ ಬಿಟ್ಟ. ಕೊಡಲ್ಲ ಅಂದಿದ್ರೆ ಉಳೀತಿತ್ತೇನೋ. ಇದನ್ನ ನನ್ನ ಗಂಡನಿಗೂ ಹೇಳಿಲ್ಲ."

ಮೇಷ್ಟ್ರು ಅಲ್ಲಿದ್ದ ಬಟ್ಟೆಗಂಟಿನ ಮೇಲೆ ಕುಸಿದು ಕೂತರು. ಎಲುಬಿಲ್ಲದ ನಾಲಿಗೆ ಆಡಿದ ಒಂದು ಮಾತನ್ನು ಈ ತಾಯಿ ಮೂರು ವರ್ಷ ಒಬ್ಬಳೇ ಹೊತ್ತಿದ್ದಳು.

"ನಾನು ಕೊಡಲ್ಲ ಅಂದೆ, ತಂಗಿ," ಎಂದರು ಕೊನೆಗೆ. "ನಾಲ್ಕು ದಿನವೂ ಅದೇ. ನನ್ನ ಮಗನ್ನ ಮುಟ್ಬೇಡ ಅಂತ ದೇವರನ್ನ ಬೈದೆ ಕೂಡ. ಅವನೂ ಉಳೀಲಿಲ್ಲ. ನೀನು ಅಂದಿದ್ದಕ್ಕೆ ಹೋಗಿಲ್ಲ ನಿನ್ನ ಮಗಳು. ಕಾಯಿಲೆ ಅದು. ಗೊತ್ತಿಲ್ಲದ್ದನ್ನ ಗೊತ್ತಿರೋ ಹಾಗೆ ಹೇಳ್ದೆ ನೋಡು, ತಪ್ಪು ನಂದು."

ಅವಳು ಅಂಗಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಬಹಳ ಹೊತ್ತಾದ ಮೇಲೆ ಎದ್ದು ಒಂದು ಲೋಟ ನೀರು ತಂದಿಟ್ಟಳು.

"ಭಾನುವಾರ ಅದನ್ನೇ ಓದ್ತೀರಾ?"

"ಓದ್ಬೇಕು."

"ಓದಿ. ಅರ್ಥ ಮಾತ್ರ ಹೇಳ್ಬೇಡಿ."

ಶುಕ್ರವಾರ ಮೇಷ್ಟ್ರು ಅವಳ ಸುದ್ದಿ ಎತ್ತದೆ, ಕಳೆದ ಸಲ ತಾವು ತಪ್ಪು ಹೇಳಿದ್ದೆವೆಂದಷ್ಟೇ ಒಪ್ಪಿಕೊಂಡರು. "ಹಾಗಾದ್ರೆ ಸರಿಯಾದ ಅರ್ಥ ಏನು?" ಎಂದು ಒಬ್ಬರು ಕೆದಕಿದಾಗ, "ನನಗೆ ಗೊತ್ತಿಲ್ಲ" ಎಂದರು. ಕೋಣೆಯಲ್ಲಿ ಮುಜುಗರ ಹಬ್ಬಿತು.

ಭಾನುವಾರ, ದೂತ ಕೂಗಿ ತಡೆಯುವಲ್ಲಿ ಅವರ ಓದು ನಿಂತಿತು. ಪೀಠದ ಅಂಚು ಹಿಡಿದು ಹೇಗೋ ಓದಿ ಮುಗಿಸಿದರು.

ದರ್ಜಿ ಹೆಂಗಸು ಚರ್ಚಿಗೆ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ. ಆದರೆ ಮರುವಾರ ಒಂದು ಸಂಜೆ ಮೇಷ್ಟ್ರ ಮನೆಗೆ ಬಂದು, ಅಡುಗೆಮನೆಯಲ್ಲಿ ಅವರ ಹೆಂಡತಿಯ ಪಕ್ಕ ಕೂತಳು. ಒಳಗಿಂದ ಒಮ್ಮೆ ಮಾತು, ಒಮ್ಮೆ ಬಿಕ್ಕು ಕೇಳುತ್ತಿತ್ತು. ಮೇಷ್ಟ್ರು ಒಳಗೆ ಹೋಗಲಿಲ್ಲ. ಹೊರಬಾಗಿಲ ಮೆಟ್ಟಿಲ ಮೇಲೆ ಸುಮ್ಮನೆ ಕೂತೇ ಇದ್ದರು.